ಸ್ಯಾಮ್ ರೇಮಿ: ಈವಿಲ್ ಡೆಡ್‌ನಿಂದ ಸ್ಪೈಡರ್‌ಮ್ಯಾನ್‌ವರೆಗೆ – ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಯಾಮ್ ರೇಮಿ ಸಿನಿಮಾಗಳ ಮಾತು ಬಂದಾಗಲೆಲ್ಲ ಸುತ್ತಿ ಬಳಸಿ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಉಳಿಸಿದ್ದೇವೆ. ಇವರ ಒಂದು ಚಿತ್ರವನ್ನೂ ನೋಡದವರು ಕೇಳುವಂಥವು ಮೊದಲು, ಸ್ವತಃ ಕ್ಯಾಮೆರಾ ಹಿಡಿಯುವವರು ಕೇಳುವಂಥವು ಕೊನೆಗೆ. ಕಥೆಯ ಗುಟ್ಟು ಬಿಟ್ಟುಕೊಡಬೇಕಾದ ಕಡೆ ಮೊದಲೇ ಎಚ್ಚರಿಸಿದ್ದೇವೆ.

## ಮೊದಲು ಕೇಳುವವು

ಸ್ಪೈಡರ್‌ಮ್ಯಾನ್ ಮಾಡಿದ್ದೂ ಈವಿಲ್ ಡೆಡ್ ಮಾಡಿದ್ದೂ ಒಬ್ಬರೇನಾ? ನಂಬೋಕೇ ಆಗ್ತಿಲ್ಲ.

ಒಬ್ಬರೇ. ಸ್ಯಾಮ್ ರೇಮಿ ಹುಟ್ಟಿದ್ದು 1959ರ ಅಕ್ಟೋಬರ್ 23ರಂದು, ಅಮೆರಿಕದ ಮಿಷಿಗನ್ ರಾಜ್ಯದ ರಾಯಲ್ ಓಕ್‌ನಲ್ಲಿ. ಶಾಲೆಯ ದಿನಗಳಲ್ಲೇ ಗೆಳೆಯ ಬ್ರೂಸ್ ಕ್ಯಾಂಪ್‌ಬೆಲ್ ಮತ್ತಿತರರ ಜೊತೆ ಸೂಪರ್ 8 ಕ್ಯಾಮೆರಾ ಹಿಡಿದು ಕಿರುಚಿತ್ರಗಳನ್ನು ತೆಗೆಯುತ್ತಿದ್ದರು. ಅವು ದೆವ್ವದ ಚಿತ್ರಗಳಾಗಿರಲಿಲ್ಲ. ತ್ರೀ ಸ್ಟೂಜಸ್ ಎಂಬ ಹಾಸ್ಯ ತಂಡದ ಧಾಟಿಯಲ್ಲಿ ಒಬ್ಬರಿಗೊಬ್ಬರು ಹೊಡೆದುಕೊಂಡು ಬೀಳುವ ತಮಾಷೆಗಳು. ಹಾರರ್ ಬಂದದ್ದು ಲೆಕ್ಕಾಚಾರದಿಂದ: ಹೆಸರಿಲ್ಲದ ನಟರು, ಸಣ್ಣ ಬಂಡವಾಳ ಇದ್ದರೂ ಆಗ ಡ್ರೈವ್‌ಇನ್ (ಕಾರಿನಲ್ಲೇ ಕೂತು ನೋಡುವ ಬಯಲು) ಚಿತ್ರಮಂದಿರಗಳಲ್ಲಿ ಓಡುತ್ತಿದ್ದದ್ದು ಹಾರರ್ ಒಂದೇ. ಗೆಳೆಯರೆಲ್ಲ ಡ್ರೈವ್‌ಇನ್‌ಗಳಿಗೆ ಹೋಗಿ ಜನ ಎಲ್ಲಿ ಕೂಗುತ್ತಾರೆ, ಎಲ್ಲಿ ಬೇಸರಪಡುತ್ತಾರೆ ಎಂದು ನೋಡಿಕೊಂಡು ಬಂದರು.

ಇದನ್ನು ಮೊದಲೇ ಹೇಳಲು ಕಾರಣವಿದೆ. 'ಹಾರರ್ ನಿರ್ದೇಶಕ ಬೇರೆ ಬಗೆಗಳಿಗೆ ಹೋದ' ಎಂದು ಇವರ ಬಗ್ಗೆ ಬರೆಯುವವರು ಹೆಚ್ಚು. ನಮ್ಮ ಪ್ರಕಾರ ಇವರು ಮೂಲತಃ ಪೆಟ್ಟಿನ ಹಾಸ್ಯದವರು; ಹಾರರ್ ಕೂಡ ಇವರಿಗೆ ಹೋಗಿ ಸೇರಿದ ಮನೆಯೇ. ಹಾಗೆ ನೋಡಿದರೆ ಮುಂದಿನ ಎಲ್ಲ ಚಿತ್ರಗಳೂ ಬೇಗ ಅರ್ಥವಾಗುತ್ತವೆ.

ಒಟ್ಟು ಎಷ್ಟು ಸಿನಿಮಾ ಮಾಡಿದ್ದಾರೆ? ಅದರಲ್ಲಿ ಹಾರರ್ ಎಷ್ಟು?

ಚಿತ್ರಮಂದಿರಕ್ಕೆ ಬಂದ ಪೂರ್ಣಪ್ರಮಾಣದ ಚಿತ್ರಗಳು 16. ದಿ ಈವಿಲ್ ಡೆಡ್ (1981), ಕ್ರೈಮ್‌ವೇವ್ (1985), ಈವಿಲ್ ಡೆಡ್ 2 (1987), ಡಾರ್ಕ್‌ಮ್ಯಾನ್ (1990), ಆರ್ಮಿ ಆಫ್ ಡಾರ್ಕ್‌ನೆಸ್ (1992), ದಿ ಕ್ವಿಕ್ ಅಂಡ್ ದಿ ಡೆಡ್ (1995), ಎ ಸಿಂಪಲ್ ಪ್ಲಾನ್ (1998), ಫಾರ್ ಲವ್ ಆಫ್ ದಿ ಗೇಮ್ (1999), ದಿ ಗಿಫ್ಟ್ (2000), ಮೂರು ಸ್ಪೈಡರ್‌ಮ್ಯಾನ್‌ಗಳು (2002, 2004, 2007), ಡ್ರ್ಯಾಗ್ ಮಿ ಟು ಹೆಲ್ (2009), ಆಝ್ ದಿ ಗ್ರೇಟ್ ಅಂಡ್ ಪವರ್‌ಫುಲ್ (2013), ಡಾಕ್ಟರ್ ಸ್ಟ್ರೇಂಜ್ ಇನ್ ದಿ ಮಲ್ಟಿವರ್ಸ್ ಆಫ್ ಮ್ಯಾಡ್‌ನೆಸ್ (2022), ಸೆಂಡ್ ಹೆಲ್ಪ್ (2026).

ಅಪ್ಪಟ ಹಾರರ್ ಎನ್ನಬಹುದಾದದ್ದು ಮೂರೇ: ಮೊದಲೆರಡು ಈವಿಲ್ ಡೆಡ್ ಮತ್ತು ಡ್ರ್ಯಾಗ್ ಮಿ ಟು ಹೆಲ್. ಉಳಿದವುಗಳಲ್ಲಿ ವೆಸ್ಟರ್ನ್ ಇದೆ, ಬೇಸ್‌ಬಾಲ್ ಇದೆ, ಅಪರಾಧ ಕಥೆ ಇದೆ, ಮಕ್ಕಳ ಮಾಯಾಲೋಕ ಇದೆ.

ನನಗೆ ದೆವ್ವದ ಸಿನಿಮಾ ಅಂದ್ರೆ ಭಯ. ಎಲ್ಲಿಂದ ಶುರು ಮಾಡಲಿ?

ಸ್ಪೈಡರ್‌ಮ್ಯಾನ್ 2 ನೋಡಿ, ಆಮೇಲೆ ಎ ಸಿಂಪಲ್ ಪ್ಲಾನ್. ಇವೆರಡು ಹಿಡಿಸಿದರೆ ಡಾರ್ಕ್‌ಮ್ಯಾನ್. ನಗುತ್ತ ಹೆದರುವುದಕ್ಕೆ ಅಡ್ಡಿಯಿಲ್ಲ ಎನ್ನುವವರು ಈವಿಲ್ ಡೆಡ್ 2ಕ್ಕೆ ಹೋಗಬಹುದು. 1981ರ ಮೊದಲ ಚಿತ್ರವನ್ನು ಕೊನೆಗೆ ಇಟ್ಟುಕೊಳ್ಳಿ. ಅದರಲ್ಲಿ ನಗೆ ಕಡಿಮೆ, ಹಿಂಸೆ ಹೆಚ್ಚು, ಕಾಡಿನ ಮರಗಳು ಹೆಣ್ಣಿನ ಮೇಲೆ ಎರಗುವ ಒಂದು ದೃಶ್ಯವಂತೂ ಇಂದಿಗೂ ಅಸಹ್ಯ ಹುಟ್ಟಿಸುತ್ತದೆ.

ಈವಿಲ್ ಡೆಡ್ 2 ಅನ್ನೋದು ಮೊದಲನೇದರ ರೀಮೇಕಾ, ಮುಂದುವರಿದ ಭಾಗಾನಾ?

ಮುಂದುವರಿದ ಭಾಗ. ಗೊಂದಲಕ್ಕೆ ಕಾರಣ ಮೊದಲ ಕೆಲವು ನಿಮಿಷಗಳು. ಹಿಂದಿನ ಕಥೆಯನ್ನು ನೆನಪಿಸಲು ಹಳೆಯ ಚಿತ್ರದ ತುಣುಕುಗಳನ್ನು ಬಳಸುವ ಯೋಚನೆಯಿತ್ತು. ಆದರೆ ಮೊದಲ ಚಿತ್ರದ ಹಕ್ಕುಗಳು ಬೇರೆ ಬೇರೆ ದೇಶಗಳ ವಿತರಕರ ಕೈಯಲ್ಲಿ ಹಂಚಿಹೋಗಿದ್ದವು. ಹಾಗಾಗಿ ಆ ಭಾಗವನ್ನು ಕಡಿಮೆ ಪಾತ್ರಗಳನ್ನಿಟ್ಟುಕೊಂಡು ಹೊಸದಾಗಿ ಚಿತ್ರಿಸಿದರು. ಐವರು ಹೋಗಿದ್ದ ಕಾಡುಮನೆಗೆ ಇಲ್ಲಿ ನಾಯಕ ಆಶ್ (ಬ್ರೂಸ್ ಕ್ಯಾಂಪ್‌ಬೆಲ್) ಮತ್ತು ಅವನ ಗೆಳತಿ ಲಿಂಡಾ ಇಬ್ಬರೇ ಹೋಗುವುದು ಅದಕ್ಕೇ. ಆಶ್‌ನನ್ನು ಕಾಣದ ಶಕ್ತಿಯೊಂದು ಕಾಡಿನೊಳಗೆ ಎತ್ತಿ ಎಸೆಯುವ ಕ್ಷಣದಿಂದ ಹೊಸ ಕಥೆ. ಈ ಸರಣಿಯ ಮೂರನೆಯ ಚಿತ್ರವಾದ ಆರ್ಮಿ ಆಫ್ ಡಾರ್ಕ್‌ನೆಸ್‌ನ ಆರಂಭಕ್ಕೂ ಹೀಗೇ ಮತ್ತೆ ಚಿತ್ರಿಸಿದರು. ಅಲ್ಲಿ ಲಿಂಡಾ ಆದದ್ದು ಬ್ರಿಜೆಟ್ ಫೋಂಡಾ.

ಇವರ ಸಿನಿಮಾ ಕನ್ನಡದಲ್ಲಿ ಬಂದಿದ್ಯಾ?

2002ರ ಸ್ಪೈಡರ್‌ಮ್ಯಾನ್ ಭಾರತದಲ್ಲಿ ಇಂಗ್ಲಿಷ್ ಜೊತೆಗೆ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಕನ್ನಡಕ್ಕೆ ಡಬ್ಬಿಂಗ್ ಮಾಡುವುದಕ್ಕೆ ಚಿತ್ರೋದ್ಯಮದ ಅಘೋಷಿತ ತಡೆ ದಶಕಗಳಿಂದ ಇತ್ತು. ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಅದರ ವಿರುದ್ಧ ಆದೇಶ ಕೊಟ್ಟ ಮೇಲೆ ದಾರಿ ನಿಧಾನವಾಗಿ ತೆರೆಯಿತು. 2022ರ ಡಾಕ್ಟರ್ ಸ್ಟ್ರೇಂಜ್ ಹೊತ್ತಿಗೆ ಬಿಡುಗಡೆಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇತ್ತು.

## ಮೊದಲ ಸಿನಿಮಾ ಎದ್ದು ನಿಂತ ಬಗೆ

ಇಪ್ಪತ್ತು ವರ್ಷದ ಹುಡುಗರಿಗೆ ದುಡ್ಡು ಕೊಟ್ಟೋರು ಯಾರು?

ಡೆಟ್ರಾಯಿಟ್ ಸುತ್ತಮುತ್ತಲ ದಂತವೈದ್ಯರು, ಡಾಕ್ಟರುಗಳು, ಸಣ್ಣ ವ್ಯಾಪಾರಿಗಳು, ನೆಂಟರಿಷ್ಟರು. ಬರಿಗೈಯಲ್ಲಿ ಕೇಳಲು ಹೋಗಲಿಲ್ಲ. 1978ರಲ್ಲಿ ವಿದಿನ್ ದಿ ವುಡ್ಸ್ ಎಂಬ ಅರ್ಧ ಗಂಟೆಯ ಮಾದರಿ ಚಿತ್ರವನ್ನು ಸೂಪರ್ 8ರಲ್ಲಿ ಸುಮಾರು 1,600 ಡಾಲರಿಗೆ ಮುಗಿಸಿದರು. ಪ್ರೊಜೆಕ್ಟರ್ ಹೊತ್ತುಕೊಂಡು ಹೋಗಿ ಹಣವಂತರ ಮುಂದೆ ಅದನ್ನು ಓಡಿಸಿದರು. ಜೊತೆಗೆ ನಿರ್ಮಾಪಕ ರಾಬ್ ಟಾಪರ್ಟ್. ರೇಮಿಯ ಅಣ್ಣ ಐವನ್ ಕಾಲೇಜಿನಲ್ಲಿ ಟಾಪರ್ಟ್ ಅವರ ರೂಮ್‌ಮೇಟ್.

ಚಿತ್ರೀಕರಣ 1979ರ ಕೊನೆಯಲ್ಲಿ ಟೆನ್ನೆಸ್ಸಿಯ ಮಾರಿಸ್‌ಟೌನ್ ಬಳಿಯ ಪಾಳುಮನೆಯೊಂದರಲ್ಲಿ ಶುರುವಾಯಿತು. ಆರು ವಾರ ಎಂದುಕೊಂಡದ್ದು ಚಳಿಗಾಲದುದ್ದಕ್ಕೂ ಎಳೆಯಿತು. ನಟರಲ್ಲಿ ಹೆಚ್ಚಿನವರು ಊರಿಗೆ ಹೊರಟರೂ ದೃಶ್ಯಗಳು ಬಾಕಿ. ಆಗ ಅವರ ಬಟ್ಟೆ ತೊಡಿಸಿ, ಬೆನ್ನು ಅಥವಾ ಕೈಕಾಲು ಮಾತ್ರ ಕಾಣುವಂತೆ ಬೇರೆಯವರನ್ನು ನಿಲ್ಲಿಸಿ ಮುಗಿಸಿದರು. ತ್ರೀ ಸ್ಟೂಜಸ್‌ನ ಶೆಂಪ್ ತೀರಿಕೊಂಡ ಮೇಲೆ ಹೀಗೇ ಡೂಪ್ ಬಳಸಿದ್ದರಿಂದ ಇಂಥವರಿಗೆ 'ಫೇಕ್ ಶೆಂಪ್' ಎಂದು ಹೆಸರಿಟ್ಟರು. ಇಂದಿಗೂ ರೇಮಿ ಚಿತ್ರಗಳ ಟೈಟಲ್ ಕಾರ್ಡಿನಲ್ಲಿ ಆ ಮಾತು ಇಣುಕುತ್ತದೆ.

ಒಟ್ಟು ಖರ್ಚು ಸುಮಾರು 3.75 ಲಕ್ಷ ಡಾಲರ್. 16 ಎಂಎಂನಲ್ಲಿ ತೆಗೆದು 35 ಎಂಎಂಗೆ ಹಿಗ್ಗಿಸಿದ್ದು. 1981ರ ಅಕ್ಟೋಬರ್ 15ರಂದು ಡೆಟ್ರಾಯಿಟ್‌ನ ರೆಡ್‌ಫರ್ಡ್ ಥಿಯೇಟರಿನಲ್ಲಿ ಮೊದಲ ಪ್ರದರ್ಶನ. ಆಗ ಹೆಸರು ಬುಕ್ ಆಫ್ ದಿ ಡೆಡ್. ಅದನ್ನು ಬದಲಿಸಲು ಹೇಳಿದ್ದು ಹಿರಿಯ ವಿತರಕ ಅರ್ವಿನ್ ಶಪೀರೊ. 1982ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ನೋಡಿದ ಕಾದಂಬರಿಕಾರ ಸ್ಟೀಫನ್ ಕಿಂಗ್ ಬಾಯ್ತುಂಬ ಹೊಗಳಿ ಬರೆದ ಮೇಲೆಯೇ ಮಾರುಕಟ್ಟೆ ತೆರೆದದ್ದು.

ಅಷ್ಟೊಂದು ರಕ್ತ ಏನ್ರೀ ಅದು? ಬಣ್ಣದ ನೀರಾ?

ಕಾರ್ನ್ ಸಿರಪ್, ಅಡುಗೆಯ ಕೆಂಪು ಬಣ್ಣ, ಕಾಫಿಗೆ ಹಾಕುವ ಹಾಲಿಲ್ಲದ ಕ್ರೀಮರ್ ಪುಡಿ. ಒಂದೊಂದಕ್ಕೂ ಒಂದೊಂದು ಕೆಲಸ. ಸಿರಪ್ ಇಲ್ಲದಿದ್ದರೆ ಮೈಮೇಲೆ ನಿಲ್ಲದೆ ಹರಿದುಹೋಗುತ್ತದೆ. ಬಣ್ಣ ಮಾತ್ರ ಬೆರೆಸಿದರೆ ಶರಬತ್ತಿನ ಹಾಗೆ ಆಚೆ ಬದಿ ಕಾಣುತ್ತದೆ. ಕ್ರೀಮರ್ ಅದನ್ನು ಮಬ್ಬಾಗಿಸಿ ದಟ್ಟ ಮಾಡುತ್ತದೆ. ತೊಂದರೆ ಬರುವುದು ಒಣಗಿದಾಗ. ಚಳಿಯಲ್ಲಿ ಸಿರಪ್ ಬಿಗಿದು ಅಂಗಿ ತಗಡಿನಂತಾಗುತ್ತದೆ, ಕ್ಯಾಮೆರಾ ಹಿಡಿದ ಕೈ ಕ್ಯಾಮೆರಾಕ್ಕೇ ಅಂಟುತ್ತದೆ. ತೊಳೆಯಲು ಬಿಸಿನೀರು ಬೇಕೇ ಬೇಕು. ಆ ಮನೆಯಲ್ಲಿ ನೀರಿನ ಸೌಕರ್ಯವೇ ಇರಲಿಲ್ಲ.

ಎರಡನೆಯ ಚಿತ್ರದಲ್ಲಿ ರಕ್ತ ಹಸಿರು, ಕಪ್ಪು ಆದದ್ದು ಸೆನ್ಸಾರಿನ ಕಣ್ಣಿಗೆ ಕೆಂಪು ಕಾಣದಿರಲಿ ಎಂದು. ಅದೂ ಸಾಲದೆಂದು ಹಣ ಹಾಕಿದ್ದ ಡಿನೊ ಡಿ ಲಾರೆಂಟಿಸ್ ಕಂಪನಿ ರೋಸ್‌ಬಡ್ ರಿಲೀಸಿಂಗ್ ಎಂಬ ಇನ್ನೊಂದು ಹೆಸರಿನಲ್ಲಿ, ರೇಟಿಂಗ್ ಇಲ್ಲದೆಯೇ ಬಿಡುಗಡೆ ಮಾಡಿತು.

ಎಲ್ಲಾ ಸಿನಿಮಾದಲ್ಲೂ ಒಂದು ಹಳೇ ಕಾರು ಬರುತ್ತಂತೆ?

1973ರ ಓಲ್ಡ್ಸ್‌ಮೊಬೈಲ್ ಡೆಲ್ಟಾ 88, ರೇಮಿಯ ಸ್ವಂತ ಕಾರು. ಈವಿಲ್ ಡೆಡ್‌ನಲ್ಲಿ ಆಶ್‌ನ ಕಾರು, ಸ್ಪೈಡರ್‌ಮ್ಯಾನ್‌ನಲ್ಲಿ ಬೆನ್ ಚಿಕ್ಕಪ್ಪನದು, ಡ್ರ್ಯಾಗ್ ಮಿ ಟು ಹೆಲ್‌ನಲ್ಲಿ ಶಾಪ ಹಾಕುವ ಮುದುಕಿಯದು.

## ಹಾರರ್ ಆಚೆ

ಕ್ರೈಮ್‌ವೇವ್ ಯಾರೂ ಯಾಕೆ ನೋಡಿಲ್ಲ? ಕೋಯೆನ್ ಸಹೋದರರು ಬರೆದಿದ್ದಲ್ವಾ?

ರೇಮಿ ಜೊತೆ ಸೇರಿ ಬರೆದದ್ದು. ಜೋಯೆಲ್ ಕೋಯೆನ್ ಮೊದಲ ಈವಿಲ್ ಡೆಡ್‌ಗೆ ಸಹಾಯಕ ಸಂಕಲನಕಾರ, ಪರಿಚಯ ಅಲ್ಲಿಯದು. ಚಿತ್ರ ಕೆಟ್ಟದ್ದು ಎರಡು ಕಡೆ. ನಾಯಕನಾಗಿ ಬ್ರೂಸ್ ಕ್ಯಾಂಪ್‌ಬೆಲ್ ಬೇಡವೆಂದು ಸ್ಟುಡಿಯೊ ಹಟ ಹಿಡಿಯಿತು, ಅವರಿಗೆ ಪಕ್ಕದ ಪಾತ್ರ ಸಿಕ್ಕಿತು. ಕೊನೆಗೆ ಸಂಕಲನವೂ ನಿರ್ದೇಶಕರ ಕೈತಪ್ಪಿತು. ಕಾರ್ಟೂನಿನ ವೇಗದ ಹಾಸ್ಯಕ್ಕೆ ಕಟ್ ಒಂದು ಫ್ರೇಮ್ ತಡವಾದರೂ ನಗೆ ಸತ್ತುಹೋಗುತ್ತದೆ. ರೇಮಿ ಮತ್ತೆ ಕಾಡುಮನೆಗೆ ಮರಳಲು ಈ ಸೋಲೂ ಒಂದು ಕಾರಣ. ಆಗಲೂ ಹಣ ಹುಟ್ಟದಿದ್ದಾಗ ಡಿ ಲಾರೆಂಟಿಸ್ ಅವರಿಗೆ ಶಿಫಾರಸು ಮಾಡಿದ್ದು ಇದೇ ಸ್ಟೀಫನ್ ಕಿಂಗ್.

ಡಾರ್ಕ್‌ಮ್ಯಾನ್ ಯಾವ ಕಾಮಿಕ್ಸ್‌ನಿಂದ ತಗೊಂಡಿದ್ದು?

ಯಾವುದರಿಂದಲೂ ಅಲ್ಲ. ದಿ ಶ್ಯಾಡೊ ಎಂಬ ಹಳೆಯ ಪಾತ್ರದ ಹಕ್ಕು ಸಿಗದಿದ್ದಾಗ ರೇಮಿ ತಾವೇ ಒಬ್ಬ ನಾಯಕನನ್ನು ಹುಟ್ಟಿಸಿದರು. ಮುಖ ಸುಟ್ಟುಹೋದ ವಿಜ್ಞಾನಿ (ಲಿಯಾಮ್ ನೀಸನ್) ಕೃತಕ ಚರ್ಮದ ಮುಖವಾಡಗಳನ್ನು ಮಾಡಿಕೊಳ್ಳುತ್ತಾನೆ. ಬೆಳಕಿನಲ್ಲಿ ಅವು 99 ನಿಮಿಷ ಮಾತ್ರ ತಾಳುತ್ತವೆ. ಈ ಒಂದು ಕಟ್ಟುಪಾಡಿನಿಂದಲೇ ಚಿತ್ರದ ಅರ್ಧ ಉದ್ವೇಗ ಹುಟ್ಟುತ್ತದೆ. ಅಳುವ ರಾಕ್ಷಸನನ್ನು ನಾಯಕನಾಗಿಸುವುದು ಯೂನಿವರ್ಸಲ್ ಸ್ಟುಡಿಯೊದ 1930ರ ದಶಕದ ಹಾರರ್ ಪರಂಪರೆ. ಅದನ್ನು ಸೂಪರ್‌ಹೀರೋ ಮೈಗೆ ತೊಡಿಸಿದ್ದು ಇಲ್ಲಿ. ಸ್ಪೈಡರ್‌ಮ್ಯಾನ್‌ನ ತಾಲೀಮು ನಡೆದದ್ದೂ ಇಲ್ಲೇ ಎನ್ನಬಹುದು.

ಆರ್ಮಿ ಆಫ್ ಡಾರ್ಕ್‌ನೆಸ್‌ಗೆ ಎರಡು ಕ್ಲೈಮ್ಯಾಕ್ಸ್ ಯಾಕೆ? (ಗುಟ್ಟು ಬಯಲಾಗುತ್ತದೆ.)

ಮೊದಲು ತೆಗೆದ ಅಂತ್ಯದಲ್ಲಿ, ಮಧ್ಯಯುಗದಲ್ಲಿ ಸಿಕ್ಕಿಬಿದ್ದ ಆಶ್ ತನ್ನ ಕಾಲದವರೆಗೆ ನಿದ್ದೆ ತರುವ ಔಷಧಿಯ ಹನಿಗಳನ್ನು ಲೆಕ್ಕ ತಪ್ಪಿ ಹೆಚ್ಚು ಕುಡಿದು, ಬೇಕಾದ್ದಕ್ಕಿಂತ ಹೆಚ್ಚು ಕಾಲ ಮಲಗಿ, ಜಗತ್ತು ಹಾಳಾದ ಮೇಲೆ ಏಳುತ್ತಾನೆ. ಸ್ಟುಡಿಯೊಗೆ ಇದು ಕಹಿ ಎನಿಸಿತು. ಹೀಗಾಗಿ ಅವನು ಅಂಗಡಿಯ ಕೆಲಸಕ್ಕೆ ವಾಪಸಾಗಿ ಅಲ್ಲೇ ದೆವ್ವವನ್ನು ಬಡಿಯುವ ಅಂತ್ಯ ಬಂತು. ಆಶ್ ಸ್ವಂತ ದಡ್ಡತನದಿಂದಲೇ ಕೆಡುವವನು, ಹಾಗಾಗಿ ಮೊದಲನೆಯದೇ ಅವನಿಗೆ ಒಪ್ಪುತ್ತದೆ. ಚಿತ್ರ ಅಮೆರಿಕದ ಚಿತ್ರಮಂದಿರಕ್ಕೆ ಬಂದದ್ದು 1993ರ ಫೆಬ್ರುವರಿಯಲ್ಲಿ. ಹ್ಯಾನಿಬಲ್ ಲೆಕ್ಟರ್ ಪಾತ್ರದ ಹಕ್ಕಿನ ವಿಷಯದಲ್ಲಿ ಯೂನಿವರ್ಸಲ್ ಮತ್ತು ಡಿ ಲಾರೆಂಟಿಸ್ ನಡುವೆ ನಡೆದ ಜಗಳಕ್ಕೆ ಸಂಬಂಧವೇ ಇಲ್ಲದ ಈ ಚಿತ್ರ ಒತ್ತೆಯಾಳಾಯಿತು.

ವೆಸ್ಟರ್ನ್ ಸಿನಿಮಾಗೆ ಹಾರರ್ ಡೈರೆಕ್ಟರನ್ನ ಯಾರು ಕರೆದ್ರು?

ದಿ ಕ್ವಿಕ್ ಅಂಡ್ ದಿ ಡೆಡ್‌ನ ನಾಯಕಿಯೂ ಸಹನಿರ್ಮಾಪಕಿಯೂ ಆಗಿದ್ದ ಶರಾನ್ ಸ್ಟೋನ್. ಲಿಯೊನಾರ್ಡೊ ಡಿಕಾಪ್ರಿಯೊ ಬೇಕೆಂದು ಹಟ ಮಾಡಿ, ಸ್ಟುಡಿಯೊ ಒಪ್ಪದಿದ್ದಾಗ ಸ್ವಂತ ಸಂಭಾವನೆಯಿಂದಲೇ ಅವರಿಗೆ ಕೊಡಿಸಿದವರೂ ಇವರೇ. ಜೀನ್ ಹ್ಯಾಕ್‌ಮನ್, ರಸೆಲ್ ಕ್ರೋ ಜೊತೆಗಿದ್ದರು. ಕಥೆ ಎಂದರೆ ಒಂದಾದ ಮೇಲೊಂದು ಗುಂಡಿನ ದ್ವಂದ್ವಯುದ್ಧ, ಅಷ್ಟೇ. ಹತ್ತಾರು ದ್ವಂದ್ವಗಳನ್ನು ಒಂದೇ ರೀತಿ ತೋರಿಸಿದರೆ ಪ್ರೇಕ್ಷಕ ತೂಕಡಿಸುತ್ತಾನೆ. ರೇಮಿ ಪ್ರತಿಯೊಂದಕ್ಕೂ ಬೇರೆ ಉಪಾಯ ಹೂಡಿದರು: ಒಂದಕ್ಕೆ ಗಡಿಯಾರದ ಮುಳ್ಳು, ಇನ್ನೊಂದಕ್ಕೆ ವಾಲಿದ ಫ್ರೇಮ್, ಮತ್ತೊಂದಕ್ಕೆ ಕಣ್ಣಿಗೇ ನುಗ್ಗುವ ಝೂಮ್. ಗುಂಡು ಬಿದ್ದವನ ನೆರಳಿನ ನಡುವೆ ಬೆಳಕಿನ ತೂತು ಮೂಡುವ ಶಾಟ್ ಅಪ್ಪಟ ಈವಿಲ್ ಡೆಡ್. ಚಿತ್ರ ಹಣ ಮಾಡಲಿಲ್ಲ. ಕಸರತ್ತು ಕಥೆಯ ಮೇಲೆ ಕುಳಿತಿದೆ ಎಂಬ ದೂರು ಆಗ ಕೇಳಿಬಂತು. ಆ ದೂರಿನಲ್ಲಿ ಹುರುಳಿದೆ.

ಎ ಸಿಂಪಲ್ ಪ್ಲಾನ್ ನೋಡಿದೆ. ಕ್ಯಾಮೆರಾ ಅಲ್ಲಾಡೋದೇ ಇಲ್ಲ! ಇದು ನಿಜವಾಗ್ಲೂ ಅವರದ್ದೇನಾ?

ಅವರದ್ದೇ, ನಮ್ಮ ಮಟ್ಟಿಗೆ ಅವರ ಅತ್ಯುತ್ತಮ ಚಿತ್ರವೂ ಅದೇ. ಸ್ಕಾಟ್ ಸ್ಮಿತ್ ತಮ್ಮ ಕಾದಂಬರಿಯನ್ನು ತಾವೇ ಚಿತ್ರಕಥೆ ಮಾಡಿದ್ದಾರೆ. ಹಿಮದಲ್ಲಿ ಬಿದ್ದ ಸಣ್ಣ ವಿಮಾನ, ಒಳಗೆ 44 ಲಕ್ಷ ಡಾಲರ್, ಕಂಡ ಮೂವರು ಸಾಮಾನ್ಯರು. ಹಿಂದಿನ ಚಿತ್ರದ ಪಾಠ ಇಲ್ಲಿ ನೇರವಾಗಿ ಕಾಣುತ್ತದೆ. ಶಾಟ್‌ಗಳು ಕಣ್ಣಿನ ಎತ್ತರದಲ್ಲಿ, ನಿಂತಲ್ಲೇ ನಿಂತು, ನಟರಿಗೆ ಜಾಗ ಬಿಟ್ಟುಕೊಡುತ್ತವೆ. ಬಿಳಿ ಹಿಮದಲ್ಲಿ ಎಕ್ಸ್‌ಪೋಷರ್ (ಕ್ಯಾಮೆರಾದೊಳಗೆ ಬೀಳುವ ಬೆಳಕಿನ ಅಳತೆ) ಹೇಗೆ ಹಿಡಿಯಬೇಕು ಎಂಬುದನ್ನು ಅದಾಗಲೇ ಹಿಮದಲ್ಲಿ ಫಾರ್ಗೊ ತೆಗೆದಿದ್ದ ಕೋಯೆನ್ ಸಹೋದರರಿಂದ ಕೇಳಿ ತಿಳಿದರು. ಮಿನ್ನೆಸೋಟದಲ್ಲಿ ಆ ವರ್ಷ ಹಿಮ ಸಾಲದೆ ತಂಡ ವಿಸ್ಕಾನ್ಸಿನ್‌ನ ಆಶ್‌ಲೆಂಡ್‌ಗೂ ಹೋಗಬೇಕಾಯಿತು.

ಹಾಗಾದರೆ ಹಾರರ್ ಎಲ್ಲಿ? ಕಟ್ಟುವಿಕೆಯಲ್ಲಿ. ದೆವ್ವದ ಪುಸ್ತಕ ಓದಬೇಡ ಎಂದರೂ ಓದುವವರ ಜಾಗದಲ್ಲಿ ಇಲ್ಲಿ ಹಣದ ಚೀಲ ಮುಟ್ಟುವವರು. ಒಮ್ಮೆ ಮುಟ್ಟಿದ ಮೇಲೆ ಪ್ರತಿ ತಿದ್ದುಪಡಿಯೂ ಇನ್ನೊಂದು ಹೆಣ ಬೇಡುತ್ತದೆ. ವಿಮಾನದೊಳಗೆ ಕಾಗೆಗಳು ಎರಗುವ ಒಂದೇ ಒಂದು ಬೆಚ್ಚಿಬೀಳುವ ಕ್ಷಣವನ್ನು ಮೊದಲಲ್ಲೇ ಖರ್ಚು ಮಾಡಿಬಿಡುತ್ತಾರೆ. ಆಮೇಲೆ ಬರುವ ಭಯವೆಲ್ಲ ಅಡುಗೆಮನೆಯ ಮೇಜಿನ ಸುತ್ತ ನಡೆಯುವ ಮೆಲುಮಾತಿನದು. ಬಿಲ್ಲಿ ಬಾಬ್ ಥಾರ್ನ್‌ಟನ್ ಅವರಿಗೆ ಪೋಷಕ ನಟನೆಗೆ, ಸ್ಮಿತ್‌ಗೆ ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಗಲ್ಲಾಪೆಟ್ಟಿಗೆ ಮಾತ್ರ ತುಂಬಲಿಲ್ಲ.

ಬೇಸ್‌ಬಾಲ್ ಸಿನಿಮಾ ನೋಡ್ಲೇಬೇಕಾ?

ಬೇಡ. ಫಾರ್ ಲವ್ ಆಫ್ ದಿ ಗೇಮ್ ಅನ್ನು ನಾಯಕ ಕೆವಿನ್ ಕಾಸ್ಟ್ನರ್ ಅಭಿಮಾನಿಗಳು ನೋಡಬಹುದು. ಎಸೆತಗಾರ ಗಮನ ಕೂಡಿಸುವಾಗ ಇಡೀ ಕ್ರೀಡಾಂಗಣದ ಗದ್ದಲ ಆರಿಹೋಗುವ ಶಬ್ದವಿನ್ಯಾಸವೊಂದು ಚೆನ್ನಾಗಿದೆ. ಅದರ ನಂತರದ ದಿ ಗಿಫ್ಟ್ ಹೆಚ್ಚು ಗಟ್ಟಿ: ಭವಿಷ್ಯ ಕಾಣುವ ಬಡ ವಿಧವೆಯಾಗಿ ಕೇಟ್ ಬ್ಲಾಂಚೆಟ್, ಹೆಂಡತಿಯನ್ನು ಹೊಡೆಯುವ ಒರಟನಾಗಿ ಕಿಯಾನು ರೀವ್ಸ್.

ಸ್ಪೈಡರ್‌ಮ್ಯಾನ್‌ನಲ್ಲಿ ಹಾರರ್ ಎಲ್ಲಿದೆ? ನಂಗೇನೂ ಕಾಣ್ಲಿಲ್ಲ.

ಎರಡನೆಯ ಭಾಗದ ಆಸ್ಪತ್ರೆ ದೃಶ್ಯವನ್ನು ಮತ್ತೆ ನೋಡಿ. ಡಾಕ್ಟರ್ ಆಕ್ಟೋಪಸ್‌ನ ಲೋಹದ ತೋಳುಗಳನ್ನು ಕತ್ತರಿಸಲು ಶಸ್ತ್ರಚಿಕಿತ್ಸಕರು ಗರಗಸ ಎತ್ತುತ್ತಾರೆ, ತೋಳುಗಳು ಎಚ್ಚೆತ್ತುಕೊಳ್ಳುತ್ತವೆ. ಹಿನ್ನೆಲೆ ಸಂಗೀತ ಇಲ್ಲ. ಕೇಳುವುದು ಲೋಹದ ಕಿರುಗುಟ್ಟುವಿಕೆ ಮತ್ತು ಕಿರುಚಾಟ ಮಾತ್ರ. ತೋಳಿನ ಕಣ್ಣಿನಿಂದಲೇ ಕ್ಯಾಮೆರಾ ಮನುಷ್ಯರ ಮೇಲೆ ನುಗ್ಗುತ್ತದೆ, ಗೋಡೆಯ ಮೇಲೆ ನೆರಳು ಮಾತ್ರ ಸಾಯುತ್ತದೆ, ಎಳೆದೊಯ್ಯುತ್ತಿರುವ ನರ್ಸ್‌ನ ಉಗುರುಗಳು ನೆಲವನ್ನು ಗೀರುತ್ತವೆ. ಒಂದು ಹನಿ ರಕ್ತ ಕಾಣದಿರುವುದರಿಂದ ಪಿಜಿ-13ಕ್ಕೆ (ಮಕ್ಕಳೂ ನೋಡಬಹುದಾದ, ಆದರೆ 13ರೊಳಗಿನವರ ಪೋಷಕರಿಗೆ ಎಚ್ಚರಿಕೆ ಕೊಡುವ ಅಮೆರಿಕದ ರೇಟಿಂಗ್) ತೊಂದರೆಯಾಗಲಿಲ್ಲ. ಮೊದಲ ಭಾಗದಲ್ಲಿ ವಿಲೆಮ್ ಡೆಫೊ ಕನ್ನಡಿಯೊಳಗಿನ ತನ್ನ ಜೊತೆಗೇ ಮಾತಾಡುವ ದೃಶ್ಯವೂ ಇದೇ ಗೋತ್ರದ್ದು.

ಆದರೆ ಹೆಚ್ಚು ಮುಖ್ಯವಾದದ್ದು ಪೀಟರ್ ಪಾರ್ಕರ್ ಅನುಭವಿಸುವ ಸಣ್ಣ ಸಣ್ಣ ಪೆಟ್ಟುಗಳು. ಪಿಜ್ಜಾ ತಡ, ಬಾಡಿಗೆ ಬಾಕಿ, ಪೊರಕೆಗಳು ಬೀರುವಿನಿಂದ ಮತ್ತೆ ಮತ್ತೆ ಬೀಳುವುದು. ಈವಿಲ್ ಡೆಡ್ 2ರಲ್ಲಿ ಆಶ್‌ನನ್ನು ಅವನ ಕೈಯೇ ಹೊಡೆದ ಹಾಗೆ ಇವನನ್ನು ನ್ಯೂಯಾರ್ಕ್ ಹೊಡೆಯುತ್ತದೆ. ಮೊದಲ ಚಿತ್ರ 2002ರ ಮೇ ತಿಂಗಳಲ್ಲಿ ಬಿಡುಗಡೆಯ ವಾರಾಂತ್ಯದಲ್ಲೇ ಅಮೆರಿಕದಲ್ಲಿ 11.4 ಕೋಟಿ ಡಾಲರ್ ದಾಟಿತು. ಮೂರು ದಿನದಲ್ಲಿ 10 ಕೋಟಿ ದಾಟಿದ ಮೊದಲ ಚಿತ್ರ ಅದು. ಎರಡನೆಯದಕ್ಕೆ ದೃಶ್ಯ ಪರಿಣಾಮಗಳ ಆಸ್ಕರ್ ಬಂತು.

ಮೂರನೇ ಭಾಗ ಯಾಕೆ ಹಾಗಾಯ್ತು? ನಾಲ್ಕು ಯಾಕೆ ಬರ್ಲಿಲ್ಲ?

ಒಂದೇ ಚಿತ್ರದಲ್ಲಿ ಮೂವರು ಖಳರು. ಸ್ಯಾಂಡ್‌ಮ್ಯಾನ್ ರೇಮಿಗೆ ಬೇಕಾದವನು, ವೆನಮ್ ನಿರ್ಮಾಪಕರ ಕಡೆಯಿಂದ ಬಂದವನು, ಪೀಟರ್‌ನ ಗೆಳೆಯ ಹ್ಯಾರಿಯ ಕಥೆ ಹಿಂದಿನಿಂದ ಉಳಿದ ಬಾಕಿ. ಯಾರಿಗೂ ಸಮಯ ಸಾಲಲಿಲ್ಲ. ಮರಳಿನಿಂದ ಮನುಷ್ಯ ಎದ್ದು ನಿಲ್ಲಲು ಹೆಣಗುವ ಮಾತಿಲ್ಲದ ದೃಶ್ಯ ನೋಡಿದರೆ ಎಲ್ಲಿ ಮನಸ್ಸಿತ್ತು, ಎಲ್ಲಿ ಇರಲಿಲ್ಲ ಎಂಬುದು ತಿಳಿಯುತ್ತದೆ. ತಮಾಷೆಯೆಂದರೆ ಜಗತ್ತಿನಾದ್ಯಂತ ಮೂರರಲ್ಲಿ ಅತಿ ಹೆಚ್ಚು ಗಳಿಸಿದ್ದು ಇದೇ. ನಾಲ್ಕನೆಯದಕ್ಕೆ 2011ರ ಮೇ ಎಂದು ದಿನ ಗೊತ್ತಾಗಿತ್ತು. ಆ ಹೊತ್ತಿಗೆ ಚಿತ್ರಕಥೆ ತೃಪ್ತಿಯಾಗುವಂತೆ ಸಿದ್ಧವಾಗದು ಎಂದು ರೇಮಿ ಹಿಂದೆ ಸರಿದರು. 2010ರ ಜನವರಿಯಲ್ಲಿ ಸೋನಿ ಯೋಜನೆ ಕೈಬಿಟ್ಟು ಹೊಸ ನಟ, ಹೊಸ ನಿರ್ದೇಶಕರೊಂದಿಗೆ ಮೊದಲಿನಿಂದ ಶುರುಮಾಡಿತು.

## ಕ್ಯಾಮೆರಾ ಹಿಡಿಯುವವರು ಕೇಳುವವು

ಕಾಡೊಳಗೆ ನುಗ್ಗಿ ಬರೋ ಆ ಶಾಟ್ ಹೇಗೆ ತೆಗೆದ್ರು? ನಮ್ಮ ಕಿರುಚಿತ್ರಕ್ಕೆ ಮಾಡ್ಬಹುದಾ?

ಮೊದಲ ಈವಿಲ್ ಡೆಡ್‌ನ ಆ ಶಾಟ್‌ಗೆ ಸ್ಟೆಡಿಕ್ಯಾಮ್ (ಓಡುವಾಗಲೂ ಚಿತ್ರ ಅಲುಗದಂತೆ ಹಿಡಿಯುವ ಸಾಧನ) ಬಾಡಿಗೆಗೆ ಹಣವಿರಲಿಲ್ಲ. ಉದ್ದನೆಯ ಮರದ ಪಟ್ಟಿಯ ನಟ್ಟನಡುವೆ ಕ್ಯಾಮೆರಾ ಬಿಗಿದು, ಎರಡು ತುದಿ ಇಬ್ಬರು ಹಿಡಿದು ಓಡಿದರು. ಕೈಯಲ್ಲಿ ಹಿಡಿದು ಓಡಿದರೆ ಮಣಿಕಟ್ಟಿನ ಪ್ರತಿ ತಿರುವೂ ಫ್ರೇಮಿಗೆ ಬರುತ್ತದೆ. ಪಟ್ಟಿಯಲ್ಲಿ ಒಂದು ತುದಿ ನಾಲ್ಕಿಂಚು ಕುಸಿದರೆ ನಡುವೆ ಎರಡೇ ಇಂಚು. ಉದ್ದ ಹೆಚ್ಚಿದಷ್ಟೂ ವಾಲುವಿಕೆಯ ಕೋನ ಸಣ್ಣದು.

ಮಾಡುವುದಾದರೆ: ಆರರಿಂದ ಎಂಟು ಅಡಿ ಉದ್ದದ, ಬಳುಕದ ಪಟ್ಟಿ ತಗೊಳ್ಳಿ, ಬಳುಕಿದರೆ ಹೆಜ್ಜೆಹೆಜ್ಜೆಗೂ ಚಿತ್ರ ಕುಣಿಯುತ್ತದೆ. ಬೋಲ್ಟ್ ಕೆಳಗೆ ರಬ್ಬರ್ ತುಂಡು ಇಡಿ. ಅತಿ ವೈಡ್ ಲೆನ್ಸ್ ಬಳಸಿ, ಕ್ಯಾಮೆರಾ ನೆಲದಿಂದ ಒಂದು ಅಡಿ ಎತ್ತರದಲ್ಲಿರಲಿ. ನೆಲ ಹತ್ತಿರವಾದಷ್ಟೂ ವೇಗ ಹೆಚ್ಚು ಕಾಣುತ್ತದೆ. ಆಟೋಫೋಕಸ್ ಆಫ್ ಮಾಡಿ, ಇಲ್ಲದಿದ್ದರೆ ಎದುರು ಬಂದ ಪ್ರತಿ ಕೊಂಬೆಗೂ ಅದು ತಡಕಾಡುತ್ತದೆ. ಮೊಬೈಲಾದರೆ ಸ್ಟೆಬಿಲೈಸೇಷನ್ ಕೂಡ ಆಫ್ ಮಾಡಿ: ಅದು ಫ್ರೇಮಿನ ಅಂಚು ಕತ್ತರಿಸಿ ವೈಡ್ ನೋಟವನ್ನೇ ತಿನ್ನುತ್ತದೆ, ಮರಗಳು ಜೆಲ್ಲಿಯಂತೆ ನಡುಗುತ್ತವೆ. 18 ಫ್ರೇಮಿಗೆ ತೆಗೆದು 24ಕ್ಕೆ ಓಡಿಸಿದರೆ ವೇಗ ಮೂರನೇ ಒಂದು ಪಾಲು ಏರುತ್ತದೆ. ಇಬ್ಬರೂ ಒಂದೇ ಹೆಜ್ಜೆಗೆ ಓಡಬೇಡಿ, ಹಾಗೆ ಓಡಿದರೆ ಏಟುಗಳು ಕೂಡಿಕೊಳ್ಳುತ್ತವೆ. ಓಡುವ ದಾರಿಯ ಬೇರು, ಗುಂಡಿಗಳನ್ನು ಮೊದಲೇ ತೆರವು ಮಾಡಿ.

ಹಳಿ, ಟ್ರಾಲಿ ಇಲ್ಲದಾಗ ಹಲಗೆಗೆ ವ್ಯಾಸಲೀನ್ ಸವರಿ ಕ್ಯಾಮೆರಾ ಜಾರಿಸಿದ್ದೂ ಇದೇ ತಂಡ. ಆದರೆ ನಿಜವಾದ ಗುಟ್ಟು ಉಪಕರಣದ್ದಲ್ಲ. ದೆವ್ವವನ್ನು ತೋರಿಸದೆ ಪ್ರೇಕ್ಷಕನನ್ನೇ ದೆವ್ವದ ಜಾಗದಲ್ಲಿ ಕೂರಿಸಿದ್ದು.

ಡ್ರ್ಯಾಗ್ ಮಿ ಟು ಹೆಲ್ ಪಿಜಿ-13 ಅಂತೆ. ಹಾಗಿದ್ರೂ ಇಷ್ಟು ಹೆದರಿಸೋದು ಹೇಗೆ?

ಕಡಿಯುವುದು, ಕತ್ತರಿಸುವುದನ್ನು ಬಿಟ್ಟು ಅಸಹ್ಯದ ಕಡೆ ತಿರುಗಿ. ಹಲ್ಲಿಲ್ಲದ ಬಾಯಿ, ಜೊಲ್ಲು, ಹುಳ, ನೊಣ, ಕೆಸರು. ಗಾಯವಿಲ್ಲದೆಯೇ ಮೈ ಜುಮ್ಮೆನ್ನುತ್ತದೆ. ಉಳಿದದ್ದು ಶಬ್ದದ ಕೆಲಸ. ಸದ್ದನ್ನು ಕ್ರಮೇಣ ಇಳಿಸಿ, ಪ್ರೇಕ್ಷಕ ಕಿವಿ ಚುರುಕು ಮಾಡಿಕೊಂಡ ಮೇಲೆ, ಅವನು ನಿರೀಕ್ಷಿಸಿದ ಕ್ಷಣದಲ್ಲಿ ಏನೂ ಮಾಡದೆ, ಉಸಿರು ಬಿಡುವಾಗ ಬಡಿಯುವುದು. ಇದು ಹಾಸ್ಯದ ಟೈಮಿಂಗ್‌ನದೇ ಲೆಕ್ಕ. ಕಾರಿನೊಳಗೆ ಮುದುಕಿಯೊಂದಿಗೆ ನಡೆಯುವ ಹೊಡೆದಾಟದಲ್ಲಿ ಸ್ಟೇಪ್ಲರ್, ಸ್ಕೇಲು ಎಲ್ಲ ಆಯುಧಗಳೇ. ಶಾಟ್ ಲೆಕ್ಕ ಹಾಕಿದರೆ ತ್ರೀ ಸ್ಟೂಜಸ್ ಕಾಣುತ್ತಾರೆ. ಕಥೆಗೆ ಗಟ್ಟಿ ನೆಲವಿರುವುದು ನಾಯಕಿಯ ತಪ್ಪು ಸಣ್ಣದಾಗಿರುವುದರಿಂದ: ಬಡ್ತಿಯ ಆಸೆಗೆ ಒಬ್ಬ ಮುದುಕಿಯ ಮನೆ ಸಾಲಕ್ಕೆ ವಾಯಿದೆ ಕೊಡದಿರುವುದು, ಅಷ್ಟೇ. ಜಿಪ್ಸಿ ಶಾಪದ ಹಳಸಲು ಪಡಿಯಚ್ಚನ್ನು ಹಾಗೇ ಬಳಸಿರುವುದು ಮಾತ್ರ ಒಪ್ಪತಕ್ಕದ್ದಲ್ಲ.

ಬಗೆ ಬದಲಾದ್ರೂ ಧಾಟಿ ಒಂದೇ ಥರ ಉಳಿದಿರೋದು ಹೇಗೆ?

ಜನ ಬದಲಾಗಿಲ್ಲ. ಅಣ್ಣ ಐವನ್, ವೃತ್ತಿಯಿಂದ ವೈದ್ಯರು, ಹಲವು ಚಿತ್ರಗಳಿಗೆ ಸಹಲೇಖಕ. ಛಾಯಾಗ್ರಾಹಕ ಬಿಲ್ ಪೋಪ್ ಡಾರ್ಕ್‌ಮ್ಯಾನ್, ಆರ್ಮಿ ಆಫ್ ಡಾರ್ಕ್‌ನೆಸ್ ಮಾಡಿ ಸ್ಪೈಡರ್‌ಮ್ಯಾನ್ 2 ಮತ್ತು 3ಕ್ಕೆ ಬಂದರು. ಪೀಟರ್ ಡೆಮಿಂಗ್ ಈವಿಲ್ ಡೆಡ್ 2ರಿಂದ ಆಝ್‌ವರೆಗೆ ಇದ್ದಾರೆ. ಸಂಕಲನಕಾರ ಬಾಬ್ ಮುರಾವ್ಸ್ಕಿ ಆರ್ಮಿ ಆಫ್ ಡಾರ್ಕ್‌ನೆಸ್‌ನಿಂದ ಜೊತೆಗಾರರು. ಸಂಗೀತಕ್ಕೆ ಡ್ಯಾನಿ ಎಲ್ಫ್‌ಮನ್. ಈವಿಲ್ ಡೆಡ್ 2ರಲ್ಲಿ ರಬ್ಬರ್ ಮುಖ ಅಂಟಿಸಿದ ರಾಬರ್ಟ್ ಕರ್ಟ್ಸ್‌ಮನ್, ಗ್ರೆಗ್ ನಿಕೊಟೆರೊ, ಹೊವಾರ್ಡ್ ಬರ್ಗರ್ 1988ರಲ್ಲಿ ಕೆಎನ್‌ಬಿ ಎಂಬ ಸ್ವಂತ ಸಂಸ್ಥೆ ಕಟ್ಟಿದರು. ಡಿಸ್ನಿಯ ಆಝ್‌ನ ಮೇಕಪ್ ಇದೇ ಸಂಸ್ಥೆಯದು. ಬ್ರೂಸ್ ಕ್ಯಾಂಪ್‌ಬೆಲ್ ಅಂತೂ ಸ್ಪೈಡರ್‌ಮ್ಯಾನ್‌ನ ಕುಸ್ತಿ ಅಖಾಡದಿಂದ ಡಾಕ್ಟರ್ ಸ್ಟ್ರೇಂಜ್‌ನ ಪಿಜ್ಜಾ ಗಾಡಿಯವರೆಗೆ ಹಾಜರಿ ಹಾಕುತ್ತಲೇ ಬಂದಿದ್ದಾರೆ.

ಮಾರ್ವೆಲ್‌ನಂಥ ಕಾರ್ಖಾನೆಯಲ್ಲಿ ಇವರ ಕೈ ಎಷ್ಟು ಉಳಿಯಿತು? (ಗುಟ್ಟು ಬಯಲಾಗುತ್ತದೆ.)

ಅರ್ಧ ಎನ್ನೋಣ. ಡಾಕ್ಟರ್ ಸ್ಟ್ರೇಂಜ್ ಚಿತ್ರದಿಂದ ಮೊದಲ ನಿರ್ದೇಶಕ ಸ್ಕಾಟ್ ಡೆರಿಕ್ಸನ್ 2020ರ ಜನವರಿಯಲ್ಲಿ ಹೊರಬಿದ್ದ ಮೇಲೆ ರೇಮಿ ಬಂದದ್ದು, ಹಾಗಾಗಿ ಕಥೆಯ ಹಲವು ಗಂಟುಗಳು ಮೊದಲೇ ಹಾಕಿದ್ದವು. ಬೇರೆ ಚಿತ್ರಗಳಿಗೆ ಕೊಂಡಿ ಹಾಕುವ ದೃಶ್ಯಗಳಲ್ಲಿ ಯಾರ ಕೈಯೂ ಕಾಣುವುದಿಲ್ಲ. ಆದರೆ ರಕ್ತ ಮೆತ್ತಿದ ಖಳನಾಯಕಿ ವಾಂಡಾ ಸುರಂಗದಲ್ಲಿ ಕುಂಟುತ್ತ ಬೆನ್ನಟ್ಟುವುದು, ನಾಯಕ ತನ್ನದೇ ಕೊಳೆತ ಹೆಣದೊಳಗೆ ಹೊಕ್ಕು ಎದ್ದು ಬರುವುದು, ಸಂಗೀತದ ಸ್ವರಚಿಹ್ನೆಗಳನ್ನೇ ಎಸೆದಾಡುವ ಕಾಳಗ, ಮುಖದ ಮೇಲೆ ಮುಖ ಕರಗುವ ಡಿಸಾಲ್ವ್‌ಗಳು ಇವೆಲ್ಲ 1987ರ ಹುಡುಗನವು.

ಕೇವಲ ನಿರ್ಮಾಪಕರಾಗಿ ಏನು ಮಾಡಿದ್ದಾರೆ?

ಟಾಪರ್ಟ್ ಜೊತೆ ಸೇರಿ ನ್ಯೂಜಿಲೆಂಡಿನಲ್ಲಿ ತೆಗೆದ ಹರ್ಕ್ಯುಲಿಸ್, ಝೀನಾ ಧಾರಾವಾಹಿಗಳು 1990ರ ದಶಕದಲ್ಲಿ ಜಗತ್ತನ್ನೇ ಸುತ್ತಿದವು. 2002ರಲ್ಲಿ ಗೋಸ್ಟ್ ಹೌಸ್ ಪಿಕ್ಚರ್ಸ್. ಅಲ್ಲಿ ಅನುಸರಿಸಿದ ಕ್ರಮ ಗಮನಿಸಬೇಕಾದದ್ದು: ಜಪಾನಿನ ತಕಾಶಿ ಶಿಮಿಝು ಅವರ ಚಿತ್ರವನ್ನು ದಿ ಗ್ರಜ್ (2004) ಎಂದು ಮರುನಿರ್ಮಿಸುವಾಗ ಹಾಲಿವುಡ್‌ನವರನ್ನು ಹುಡುಕದೆ ಶಿಮಿಝು ಅವರನ್ನೇ ನಿರ್ದೇಶಕರಾಗಿಸಿದರು, ಚಿತ್ರೀಕರಣವೂ ಟೋಕಿಯೊದಲ್ಲೇ. ಉರುಗ್ವೆಯ ಫೆಡೆ ಅಲ್ವಾರೆಝ್ ಅವರಿಗೆ 2013ರ ಈವಿಲ್ ಡೆಡ್, ಐರ್ಲೆಂಡಿನ ಲೀ ಕ್ರೋನಿನ್‌ಗೆ 2023ರ ಈವಿಲ್ ಡೆಡ್ ರೈಸ್ ಒಪ್ಪಿಸಿದರು.

ಸೆಂಡ್ ಹೆಲ್ಪ್ ಹಾರರ್‌ಗೆ ವಾಪಸಾತಿನಾ?

ಪೂರ್ತಿಯಲ್ಲ. ವಿಮಾನ ಬಿದ್ದು ದ್ವೀಪ ಸೇರಿದ ಒಬ್ಬ ಉದ್ಯೋಗಿ (ರೇಚಲ್ ಮ್ಯಾಕ್‌ಆಡಮ್ಸ್) ಮತ್ತು ಅವಳನ್ನು ಕೀಳಾಗಿ ಕಂಡಿದ್ದ ಬಾಸ್ (ಡಿಲನ್ ಒಬ್ರಿಯನ್). ಅಧಿಕಾರ ಅದಲುಬದಲಾಗುವ ಕರಾಳ ಹಾಸ್ಯ. ದೆವ್ವ ಇಲ್ಲ. 2000ದ ದಿ ಗಿಫ್ಟ್ ನಂತರ ರೇಮಿ ನಿರ್ದೇಶಿಸಿದ ಮೊದಲ ಆರ್ ರೇಟಿಂಗ್ (ದೊಡ್ಡವರಿಗೆಂದೇ ಇರುವ) ಚಿತ್ರ ಇದು, ಹಾಗಾಗಿ ಇಲ್ಲಿ ರಕ್ತಕ್ಕೆ ಮತ್ತೆ ಕೆಂಪು ಬಣ್ಣ ಸಿಕ್ಕಿದೆ.